ಬೇರೆ ಗ್ರಹದ ಜೀವಿಗೂ ನೀರು ಬೇಕೇ ಬೇಕಾ? ಜೀವರಸಾಯನ ಮೇಡಂ ಜೊತೆ ಪ್ರಶ್ನೋತ್ತರ

ಪ್ರಶ್ನೆ (ದ್ವಿತೀಯ ಪಿಯುಸಿ ವಿದ್ಯಾರ್ಥಿ, ಹಾಸನ):
ಮೇಡಂ, ನಮಸ್ತೆ. ಮಂಗಳದಲ್ಲಿ ನೀರಿನ ಗುರುತು ಸಿಕ್ಕಿತು, ಗುರುವಿನ ಉಪಗ್ರಹ ಯುರೋಪಾದಲ್ಲಿ ಸಾಗರ ಇದೆ ಅಂತ ಸುದ್ದಿ ಬಂದಾಗಲೆಲ್ಲ ‘ಅಲ್ಲಿ ಜೀವ ಇರಬಹುದು’ ಅಂತಲೂ ಬರೆಯುತ್ತಾರೆ. ನಮಗೆ ನೀರು ಬೇಕು, ಒಪ್ಪಿದೆ. ಆದರೆ ಎಲ್ಲೋ ದೂರದ ಗ್ರಹದಲ್ಲಿ ಹುಟ್ಟಿದ ಜೀವಿಗೂ ನೀರೇ ಬೇಕು ಅಂತ ಯಾಕೆ ಅಂದುಕೊಳ್ಳಬೇಕು? ನಾವು ನಮ್ಮನ್ನೇ ಅಳತೆಗೋಲು ಮಾಡಿಕೊಂಡು ಹುಡುಕುತ್ತಿದ್ದೇವೆ ಅನ್ನಿಸುತ್ತದೆ. ಹಾಸ್ಟೆಲಲ್ಲಿ ಈ ವಿಷಯಕ್ಕೆ ದೊಡ್ಡ ವಾದವೇ ನಡೆಯಿತು. ನೀವು ಏನು ಹೇಳುತ್ತೀರಿ?

ಉತ್ತರ (ಜೀವರಸಾಯನಶಾಸ್ತ್ರ ಪ್ರಾಧ್ಯಾಪಕಿ, ಬೆಂಗಳೂರು):
ನಿನ್ನ ಅನುಮಾನ ಸರಿಯಾದದ್ದೇ ಪುಟ್ಟ. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರೂ ಇದನ್ನೇ ಕೇಳಿಕೊಳ್ಳುತ್ತಾರೆ. ನಿನ್ನ ಪ್ರಶ್ನೆಯೊಳಗೆ ಎರಡು ಪ್ರಶ್ನೆ ಇವೆ. ಜೀವಕ್ಕೆ ಒಂದು ದ್ರವ ಬೇಕಾ? ಆ ದ್ರವ ನೀರೇ ಆಗಬೇಕಾ? ಮೊದಲನೆಯದಕ್ಕೆ ಹೌದು, ಹೆಚ್ಚುಕಡಿಮೆ ಖಂಡಿತ ಅನ್ನುತ್ತೇನೆ. ಎರಡನೆಯದಕ್ಕೆ ನನ್ನ ಉತ್ತರ ಬೇರೆ: ನೀರೇ ಆಗಬೇಕು ಅನ್ನುವ ನಿಯಮ ಎಲ್ಲೂ ಇಲ್ಲ, ಆದರೆ ನೀರಿನಷ್ಟು ಕೆಲಸಕ್ಕೆ ಬರುವ ಇನ್ನೊಂದು ದ್ರವ ನಮಗೆ ಇನ್ನೂ ಸಿಕ್ಕಿಲ್ಲ.

ದ್ರವ ಯಾಕೆ ಬೇಕು ನೋಡು. ಜೀವ ಅಂದರೆ ಕೊನೆಗೆ ರಸಾಯನ ಕ್ರಿಯೆಗಳ ಸರಪಳಿ. ಅಣುಗಳು ಓಡಾಡಬೇಕು, ಒಂದಕ್ಕೊಂದು ಸಿಗಬೇಕು, ಸೇರಬೇಕು, ಮತ್ತೆ ಬಿಡಬೇಕು. ಘನದಲ್ಲಿ ಅವು ಇದ್ದಲ್ಲೇ ಇರುತ್ತವೆ. ಅನಿಲದಲ್ಲಿ ಓಡಾಟ ಇದೆ, ಆದರೆ ಪ್ರೋಟೀನಿನಂಥ ದೊಡ್ಡ ಅಣುಗಳು ಅನಿಲವಾಗಿ ಹಾರುವುದೇ ಇಲ್ಲ, ಕಾಯಿಸಿದರೆ ಒಡೆದು ಹೋಗುತ್ತವೆ. ಅಣುಗಳು ಹತ್ತಿರವೂ ಇರಬೇಕು, ಚಲಿಸಲೂ ಬೇಕು ಅಂದರೆ ಉಳಿಯುವುದು ದ್ರವ ಒಂದೇ.

ಇನ್ನು ನೀರು. ಅದು ಉಪ್ಪು, ಸಕ್ಕರೆ, ಅಮೈನೋ ಆಮ್ಲಗಳನ್ನು ಚೆನ್ನಾಗಿ ಕರಗಿಸುತ್ತದೆ ಅಂತ ಪಠ್ಯಪುಸ್ತಕದಲ್ಲಿ ಓದಿರುತ್ತೀಯ. ಆದರೆ ಅದು ಏನನ್ನು ಕರಗಿಸುವುದಿಲ್ಲ ಅನ್ನುವುದೂ ಅಷ್ಟೇ ಮುಖ್ಯ. ಎಣ್ಣೆ ನೀರಿಗೆ ಸೇರುವುದಿಲ್ಲ ಅಲ್ವಾ? ಜೀವಕೋಶ ನಿಂತಿರುವುದೇ ಅದರ ಮೇಲೆ. ಕೋಶದ ಪೊರೆಯ ಕೊಬ್ಬಿನ ಅಣುವಿಗೆ ನೀರು ಇಷ್ಟಪಡುವ ಒಂದು ತಲೆ, ನೀರು ಆಗದ ಎರಡು ಬಾಲ. ಇಂಥ ಅಣುಗಳನ್ನು ನೀರಿಗೆ ಹಾಕಿದರೆ ಸಾಕು, ಬಾಲಗಳೆಲ್ಲ ಒಳಗೆ, ತಲೆಗಳೆಲ್ಲ ಹೊರಗೆ ಬರುವಂತೆ ಎರಡು ಪದರದ ಪೊರೆ ತಾನಾಗಿಯೇ ಕಟ್ಟಿಕೊಳ್ಳುತ್ತದೆ. ಯಾರೂ ಹೆಣೆಯಬೇಕಾಗಿಲ್ಲ.

ಪ್ರೋಟೀನಿನ ಕಥೆಯೂ ಇದೇ. ಅದು ಮೊದಲು ಅಮೈನೋ ಆಮ್ಲಗಳ ಉದ್ದನೆಯ ಸರ. ಆ ಸರದಲ್ಲಿ ಎಣ್ಣೆ ಸ್ವಭಾವದ ತುಣುಕುಗಳು ಅಲ್ಲಲ್ಲಿ ಇರುತ್ತವೆ. ನೀರಿನ ಅಣುಗಳು ಹೈಡ್ರೋಜನ್ ಬಂಧದಿಂದ ಒಂದಕ್ಕೊಂದು ಕೈ ಹಿಡಿದುಕೊಂಡಿರುತ್ತವೆ, ಎಣ್ಣೆ ತುಣುಕುಗಳ ಜೊತೆ ಕೈ ಜೋಡಿಸುವುದಿಲ್ಲ. ಹಾಗಾಗಿ ಆ ತುಣುಕುಗಳೆಲ್ಲ ಒಳಕ್ಕೆ ಒತ್ತಿಕೊಳ್ಳುತ್ತವೆ, ಸರ ಮಡಿಚಿಕೊಂಡು ಒಂದು ನಿರ್ದಿಷ್ಟ ಆಕಾರ ತಾಳುತ್ತದೆ. ಆ ಆಕಾರ ಬಂದಮೇಲೇ ಅದು ಕಿಣ್ವವಾಗಿ, ಅಂದರೆ ಕ್ರಿಯೆಗಳ ವೇಗ ಹೆಚ್ಚಿಸುವ ಅಣುವಾಗಿ, ಕೆಲಸ ಮಾಡುತ್ತದೆ. ಅಂದರೆ ನೀರು ಸುಮ್ನೆ ಹಿನ್ನೆಲೆಯಲ್ಲಿ ಇರುವ ವಸ್ತುವಲ್ಲ, ಪ್ರೋಟೀನಿಗೆ ರೂಪ ಕೊಡುವ ಕೆಲಸದಲ್ಲಿ ಅದೂ ಒಬ್ಬ ಪಾಲುದಾರ. ನನಗೆ ನೀರಿನ ಬಗ್ಗೆ ಅತಿ ಹೆಚ್ಚು ಬೆರಗು ಹುಟ್ಟಿಸುವ ಸಂಗತಿ ಇದೇ.

ಇನ್ನೂ ಒಂದು ಸಂಗತಿ ಇದೆ. ವಿಶ್ವದಲ್ಲಿ ಅತಿ ಹೆಚ್ಚು ಇರುವ ಧಾತು ಹೈಡ್ರೋಜನ್. ಎರಡನೆಯದು ಹೀಲಿಯಂ, ಅದು ಯಾರ ಜೊತೆಗೂ ಸೇರುವುದಿಲ್ಲ. ಮೂರನೆಯದು ಆಮ್ಲಜನಕ. ಮೊದಲನೆಯದು ಮತ್ತು ಮೂರನೆಯದು ಸೇರಿದರೆ ನೀರು. ಹಾಗಾಗಿ ಅದು ಎಲ್ಲೆಡೆ ಇದೆ: ಧೂಮಕೇತುಗಳಲ್ಲಿ, ಶನಿಯ ಉಂಗುರಗಳಲ್ಲಿ, ನಕ್ಷತ್ರ ಹುಟ್ಟುವ ಮೋಡಗಳಲ್ಲಿ. ನಮ್ಮ ಚಂದ್ರನ ನೆಲದ ಮೇಲೂ ಅದರ ಗುರುತು ಇದೆ ಅಂತ 2009ರಲ್ಲಿ ಚಂದ್ರಯಾನ-1ರ ಮಾಹಿತಿಯಿಂದ ಗೊತ್ತಾಯಿತು. ಚಂದ್ರನ ಮೇಲೆ ಜೀವ ಇದೆ ಅಂತ ಅದಕ್ಕೆ ಅರ್ಥವಲ್ಲ. ನೀರು ಇದ್ದರಷ್ಟೇ ಸಾಲದು, ಅದು ದ್ರವವಾಗಿ ಬಹುಕಾಲ ಉಳಿಯಬೇಕು, ಜೊತೆಗೆ ಇಂಗಾಲ ಬೇಕು, ಶಕ್ತಿಯ ಮೂಲ ಬೇಕು.

ನಾಸಾದವರು ಮಂಗಳದ ವಿಷಯದಲ್ಲಿ ‘ನೀರಿನ ಜಾಡು ಹಿಡಿದು ಹೋಗಿ’ ಅನ್ನುವ ನೀತಿ ಇಟ್ಟುಕೊಂಡಿದ್ದರು. ಅದು ಹುಡುಕುವ ದಾರಿ ಅಷ್ಟೇ. ನಮಗೆ ಗೊತ್ತಿರುವ ಜೀವ ಒಂದೇ ಬಗೆಯದು, ಅದನ್ನು ಗುರುತಿಸುವ ಉಪಕರಣಗಳನ್ನು ಮಾತ್ರ ನಾವು ಭರವಸೆಯಿಂದ ಕಟ್ಟಬಲ್ಲೆವು. ಒಂದು ನೌಕೆ ಕಳಿಸಲು ವರ್ಷಗಟ್ಟಲೆ ಕೆಲಸ, ಸಾವಿರಾರು ಕೋಟಿ ಖರ್ಚು ಇರುವಾಗ ಅವಕಾಶ ಜಾಸ್ತಿ ಇರುವ ಕಡೆ ಮೊದಲು ಹೋಗುವುದು ನ್ಯಾಯವೇ.

ಪ್ರಶ್ನೆ (ಸಾಫ್ಟ್‌ವೇರ್ ಎಂಜಿನಿಯರ್, ಮೈಸೂರು):
ಮೇಡಂ, ಶನಿಯ ಉಪಗ್ರಹ ಟೈಟನ್‌ನಲ್ಲಿ ಮೀಥೇನ್ ಕೆರೆಗಳಿವೆ ಅಂತ ಓದಿದ್ದೇನೆ. ದ್ರವ ಇದ್ದರೆ ಸಾಕು ಅನ್ನುವುದಾದರೆ ಅಲ್ಲಿ ಜೀವ ಯಾಕೆ ಇರಬಾರದು?

ಉತ್ತರ:
ಇರಬಾರದು ಅಂತ ಯಾರೂ ಹೇಳಲಾರರು ಸರ್. ‘ನೀರಿಲ್ಲದೆ ಜೀವ ಸಾಧ್ಯವೇ’ ಅನ್ನುವುದನ್ನು ನಿಜವಾಗಿ ಹೋಗಿ ನೋಡಬಹುದಾದ ಜಾಗಗಳಲ್ಲಿ ನನ್ನ ಪ್ರಕಾರ ಟೈಟನ್ ಎಲ್ಲಕ್ಕಿಂತ ಮೇಲು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

2005ರ ಜನವರಿ 14ರಂದು ಹೈಗನ್ಸ್ ಅನ್ನುವ ಯುರೋಪಿನ ಪುಟ್ಟ ನೌಕೆ ಟೈಟನ್ ಮೇಲೆ ಇಳಿಯಿತು. ಕ್ಯಾಸಿನಿ ನೌಕೆ ಅದನ್ನು ಹೊತ್ತುಕೊಂಡು ಹೋಗಿತ್ತು. ಪ್ಯಾರಾಶೂಟಿನಲ್ಲಿ ಸುಮಾರು ಎರಡೂವರೆ ಗಂಟೆ ಕೆಳಗಿಳಿಯುತ್ತಾ ಅದು ತೆಗೆದ ಚಿತ್ರಗಳಲ್ಲಿ ಕವಲೊಡೆದ ಹೊಳೆಯ ಹಾದಿಗಳು ಕಂಡವು. ನೆಲ ಮುಟ್ಟಿದ ಮೇಲೆ ತೆಗೆದ ಚಿತ್ರದಲ್ಲಿ ಗುಂಡನೆಯ ಕಲ್ಲುಗಳು. ನಮ್ಮ ನದಿಗಳಲ್ಲಿ ಹರಿವಿಗೆ ಉಜ್ಜಿ ಉಜ್ಜಿ ಕಲ್ಲು ನುಣುಪಾಗುತ್ತದಲ್ಲ, ಹಾಗೆಯೇ. ಆದರೆ ಆ ಕಲ್ಲುಗಳು ಬಹುಪಾಲು ನೀರಿನ ಮಂಜುಗಡ್ಡೆ! ಅಲ್ಲಿನ ತಾಪಮಾನ ಸುಮಾರು ಮೈನಸ್ 179 ಡಿಗ್ರಿ ಸೆಲ್ಸಿಯಸ್, ಆ ಚಳಿಗೆ ಮಂಜುಗಡ್ಡೆ ಬಂಡೆಯಷ್ಟೇ ಗಟ್ಟಿ. ಅವುಗಳನ್ನು ಉರುಳಿಸಿದ್ದು ದ್ರವ ಮೀಥೇನ್. ನೌಕೆಯ ಬಿಸಿಗೆ ನೆಲದೊಳಗಿನ ಮೀಥೇನ್ ಆವಿಯಾಗಿ ಮೇಲೆ ಬಂದಿದ್ದನ್ನೂ ಉಪಕರಣ ಅಳೆಯಿತು. ಅಂದರೆ ನೆಲ ಒದ್ದೆಯಾಗಿತ್ತು.

ಅಲ್ಲಿ ಮೋಡ ಇದೆ, ಮಳೆ ಇದೆ, ನದಿ ಇದೆ, ಸಮುದ್ರವೂ ಇದೆ. ಎಲ್ಲವೂ ಮೀಥೇನ್, ಈಥೇನ್‌ಗಳದ್ದು. ವಾತಾವರಣದಲ್ಲಿ ಸುಮಾರು ನೂರಕ್ಕೆ 95 ಪಾಲು ಸಾರಜನಕ, ಒತ್ತಡ ನಮ್ಮಲ್ಲಿಗಿಂತ ಒಂದೂವರೆ ಪಟ್ಟು. ಸೂರ್ಯನ ಬೆಳಕು ಮೇಲಿನ ಪದರದಲ್ಲಿ ಮೀಥೇನನ್ನು ಒಡೆದು ತರಾವರಿ ಇಂಗಾಲದ ಅಣುಗಳನ್ನು ಮಾಡುತ್ತದೆ, ಅವು ನೆಲದ ಮೇಲೆ ಉದುರುತ್ತಲೇ ಇರುತ್ತವೆ. ಕಚ್ಚಾ ಸಾಮಗ್ರಿಗೆ ಕೊರತೆಯೇ ಇಲ್ಲ.

ತೊಡಕು ಇರುವುದು ಆ ದ್ರವದಲ್ಲೇ. ನೀರಿನ ಅಣುವಿನ ಒಂದು ಬದಿಗೆ ಸ್ವಲ್ಪ ಧನ, ಇನ್ನೊಂದು ಬದಿಗೆ ಸ್ವಲ್ಪ ಋಣ ವಿದ್ಯುದಂಶ ಇರುತ್ತದೆ. ಮೀಥೇನ್‌ಗೆ ಅದಿಲ್ಲ. ಹಾಗಾಗಿ ಉಪ್ಪು, ಸಕ್ಕರೆ, ಅಮೈನೋ ಆಮ್ಲ, ಡಿಎನ್‌ಎ ಯಾವುದೂ ಅದರಲ್ಲಿ ಕರಗುವುದಿಲ್ಲ. ಅದರ ಮೇಲೆ ಚಳಿ. ನಮ್ಮ ಕೋಣೆಯ ತಾಪಮಾನದಲ್ಲಿ ಒಂದು ಸೆಕೆಂಡಿಗೆ ಮುಗಿಯುವ ಎಷ್ಟೋ ಸಾಮಾನ್ಯ ಕ್ರಿಯೆಗಳು ಅಲ್ಲಿ ಮುಗಿಯಲು ವಿಶ್ವದ ವಯಸ್ಸಿಗಿಂತ ಹೆಚ್ಚು ಕಾಲ ಬೇಕು. ಅಲ್ಲಿ ಜೀವ ಇದ್ದರೆ ಅದು ಬೇರೆಯೇ ಬಗೆಯ, ಸುಲಭವಾಗಿ ಕೂಡಿ ಬಿಡುವ ಬಂಧಗಳನ್ನು ನಂಬಿಕೊಂಡಿರಬೇಕು.

ಹಾಗಂತ ಯಾರೂ ಕೈಕಟ್ಟಿ ಕೂತಿಲ್ಲ. 2005ರಲ್ಲೇ ವಿಜ್ಞಾನಿಗಳು ಒಂದು ಸಾಧ್ಯತೆ ಮುಂದಿಟ್ಟರು: ಟೈಟನ್ ಜೀವಿ ಹೈಡ್ರೋಜನ್ ಉಸಿರಾಡಿ, ಅಸಿಟಿಲೀನ್ ತಿಂದು, ಮೀಥೇನ್ ಹೊರಬಿಡಬಹುದು, ಅದರಿಂದ ಬದುಕಲು ಬೇಕಾದ ಶಕ್ತಿಯೂ ಸಿಗುತ್ತದೆ. 2015ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ತಂಡ ಕಂಪ್ಯೂಟರ್ ಲೆಕ್ಕದಲ್ಲಿ ಇನ್ನೊಂದು ಮಾತು ಹೇಳಿತು. ವಿನೈಲ್ ಸಯನೈಡ್ ಅನ್ನುವ ಚಿಕ್ಕ ಅಣುಗಳು ಮೀಥೇನ್‌ನಲ್ಲಿ ಪೊರೆಯಂತೆ ನಿಲ್ಲಬಲ್ಲವು ಅಂತ. ನಮ್ಮ ಪೊರೆಯ ತಿರುವುಮುರುವು ಅದು. ತಲೆಗಳು ಒಳಗೆ, ಬಾಲಗಳು ಹೊರಗೆ. ಎರಡೇ ವರ್ಷಕ್ಕೆ, 2017ರಲ್ಲಿ, ಚಿಲಿಯ ಆಲ್ಮಾ ದೂರದರ್ಶಕದ ಮಾಹಿತಿಯಲ್ಲಿ ಆ ಅಣು ಟೈಟನ್ ವಾತಾವರಣದಲ್ಲಿ ಇರುವುದು ಖಚಿತವಾಯಿತು. ತುಂಬಾ ಖುಷಿಯ ಸುದ್ದಿ ಅದು. ಆದರೆ 2020ರಲ್ಲಿ ಬಂದ ಇನ್ನೊಂದು ಲೆಕ್ಕ ಹೇಳಿದ್ದು ಬೇರೆ. ಅಂಥ ಪೊರೆ ತಾನಾಗಿ ಕಟ್ಟಿಕೊಳ್ಳುವುದಿಲ್ಲ, ಆ ಅಣುಗಳು ಹರಳುಗಟ್ಟಿ ಘನವಾಗುವುದನ್ನೇ ಇಷ್ಟಪಡುತ್ತವೆ ಅಂತ. ನೀರಿನಲ್ಲಿ ಬಿಟ್ಟಿಯಾಗಿ ಸಿಗುವ ಪೊರೆ ಅಲ್ಲಿ ಸಿಗುವುದಿಲ್ಲ. ಅಷ್ಟು ಚಳಿಯಲ್ಲಿ ಪೊರೆಯೇ ಬೇಡದ ಜೀವ ಇರಬಹುದು ಅನ್ನುವವರೂ ಇದ್ದಾರೆ. ನನಗೆ ಆ ವಾದ ಪೂರ್ತಿ ಒಪ್ಪಿಗೆಯಾಗಿಲ್ಲ, ಆದರೆ ತಳ್ಳಿಹಾಕುವುದಿಲ್ಲ.

ಪ್ರಶ್ನೆ (ಔಷಧ ಕಂಪನಿಯ ಕ್ವಾಲಿಟಿ ಕಂಟ್ರೋಲ್ ವಿಭಾಗ, ಬೀದರ್):
ಮೇಡಂ, ನಮ್ಮ ಲ್ಯಾಬಿನಲ್ಲಿ ತೇವಾಂಶ ಅಂದರೆ ಶತ್ರು. ಸ್ವಲ್ಪ ನೀರು ಸೇರಿದರೂ ಎಷ್ಟೋ ಔಷಧಗಳು ಕೆಡುತ್ತವೆ. ಜೀವದ ಅಣುಗಳಿಗೂ ನೀರು ಹಾನಿ ಮಾಡಬೇಕಲ್ಲ?

ಉತ್ತರ:
ಇದು ಎಲ್ಲರೂ ಕೇಳುವ ಪ್ರಶ್ನೆಯಲ್ಲ ಸರ್, ಕೇಳಿದ್ದಕ್ಕೆ ಧನ್ಯವಾದ. ಹೌದು, ಮಾಡುತ್ತದೆ. ಪ್ರೋಟೀನಿನ ಬಂಧ, ಆರ್‌ಎನ್‌ಎ ಬಂಧ ಎರಡೂ ಒಂದೊಂದು ನೀರಿನ ಅಣು ಹೊರಬಿದ್ದು ಆಗುವಂಥವು. ಸುತ್ತಲೂ ನೀರೇ ತುಂಬಿದ್ದರೆ ಆ ಕ್ರಿಯೆ ಹಿಂದಕ್ಕೆ ಹೋಗಲು ನೋಡುತ್ತದೆ, ಸರ ತುಂಡಾಗುತ್ತದೆ. ನಮ್ಮ ಒಂದೊಂದು ಜೀವಕೋಶದ ಡಿಎನ್‌ಎಯಲ್ಲೂ ನೀರಿನ ಕಾರಣಕ್ಕೇ ದಿನಕ್ಕೆ ಸಾವಿರಾರು ಕಡೆ ಅಕ್ಷರಗಳು (ಬೇಸ್ ಅನ್ನುವ ತುಣುಕುಗಳು) ಕಳಚಿ ಬೀಳುತ್ತವೆ. ಕೋಶ ಅದನ್ನು ಬಿಡುವಿಲ್ಲದೆ ರಿಪೇರಿ ಮಾಡುತ್ತಲೇ ಇರುತ್ತದೆ. ಹಾನಿ ಎಷ್ಟು ಅಂತ ಲೆಕ್ಕ ಹಾಕಿ, ರಿಪೇರಿ ಹೇಗೆ ಅಂತ ತೋರಿಸಿದ ಟೊಮಾಸ್ ಲಿಂಡಾಲ್ ಅವರು 2015ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡರು.

ಜೀವ ಮೊದಲು ಹುಟ್ಟಿದಾಗ ಈ ರಿಪೇರಿ ವ್ಯವಸ್ಥೆ ಇರಲಿಲ್ಲ. ಹಾಗಾದರೆ ನೀರಿನ ನಡುವೆ ಆರ್‌ಎನ್‌ಎ ಸರ ಬೆಳೆದದ್ದು ಹೇಗೆ? ಈ ಕ್ಷೇತ್ರದ ದೊಡ್ಡ ಒಗಟುಗಳಲ್ಲಿ ಇದೂ ಒಂದು. ಒಮ್ಮೆ ಒದ್ದೆ, ಒಮ್ಮೆ ಒಣಗುವ ಹೊಂಡಗಳಲ್ಲಿ ಆಗಿರಬಹುದು ಅಂತ ಕೆಲವರು, ಸಮುದ್ರದ ತಳದ ಬಿಸಿನೀರಿನ ಬುಗ್ಗೆಗಳಲ್ಲಿ ಅಂತ ಇನ್ನು ಕೆಲವರು. ಒಣಗಿದಾಗ ಸರ ಬೆಳೆಯುತ್ತದೆ, ಒದ್ದೆಯಾದಾಗ ಓಡಾಟ ಸಿಗುತ್ತದೆ ಅನ್ನುವ ಕಾರಣಕ್ಕೆ ನನ್ನ ಒಲವು ಹೊಂಡಗಳ ಕಡೆಗೆ. ಫಾರ್ಮಮೈಡ್ ಅನ್ನುವ ದ್ರವವನ್ನೂ ಕೆಲವರು ಹೆಸರಿಸುತ್ತಾರೆ. ಅದು 210 ಡಿಗ್ರಿವರೆಗೆ ದ್ರವವಾಗಿಯೇ ಇರುತ್ತದೆ, ಜೀವದ ಅಣುಗಳನ್ನು ನೀರಿನ ಹಾಗೆ ಒಡೆಯುವುದಿಲ್ಲ. ಆದರೆ ಅದು ಕೆರೆಯಾಗಿ ತುಂಬಿರುವ ಯಾವ ಲೋಕವೂ ಇದುವರೆಗೆ ಕಂಡಿಲ್ಲ.

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ, ಶಿರಸಿ):
ಮೇಡಂ, ಮಕ್ಕಳು ನೀರುಕರಡಿಯ ವಿಡಿಯೋ ನೋಡಿ ‘ಅದು ನೀರಿಲ್ಲದೆ ವರ್ಷಗಟ್ಟಲೆ ಬದುಕುತ್ತದೆ’ ಅನ್ನುತ್ತಾರೆ. ಇನ್ನೊಂದು, ಶುಕ್ರನ ಆಮ್ಲದ ಮೋಡಗಳಲ್ಲಿ ಜೀವ ಇರಬಹುದು ಅಂತಲೂ ಸುದ್ದಿ ಇತ್ತು. ಇವನ್ನು ಹೇಗೆ ವಿವರಿಸಲಿ?

ಉತ್ತರ:
ನೀರುಕರಡಿ ಅಂದರೆ ಟಾರ್ಡಿಗ್ರೇಡ್. ಒಣಗಿದಾಗ ಅದು ಮೈ ಮುದುಡಿಕೊಂಡು ಗುಂಡಗಾಗುತ್ತದೆ, ಮೈಯಲ್ಲಿ ನೂರಕ್ಕೆ ಮೂರರಷ್ಟು ನೀರು ಉಳಿದರೆ ಹೆಚ್ಚು. ಆಗ ಅದು ತಿನ್ನುವುದಿಲ್ಲ, ಬೆಳೆಯುವುದಿಲ್ಲ, ಮರಿ ಮಾಡುವುದಿಲ್ಲ. ಒಳಗಿನ ಕ್ರಿಯೆಗಳು ಹೆಚ್ಚುಕಡಿಮೆ ನಿಂತೇ ಹೋಗಿರುತ್ತವೆ. ಮತ್ತೆ ನೀರು ಬಿದ್ದಾಗ ಎದ್ದು ಓಡಾಡುತ್ತದೆ. ‘ನೀರಿಲ್ಲದಾಗ ಅದು ಕಾಯುತ್ತದೆ, ನೀರು ಬಂದಾಗ ಬದುಕುತ್ತದೆ’ ಅಂತ ಮಕ್ಕಳಿಗೆ ಹೇಳಿ.

ಶುಕ್ರನ ವಿಷಯಕ್ಕೆ ನಿಮ್ಮೂರಿನ ಅಪ್ಪೆಮಿಡಿ ಉಪ್ಪಿನಕಾಯಿಯೇ ಸಾಕು. ಭರಣಿಯಲ್ಲಿ ರಸ ಇದೆ, ಅಂದರೆ ನೀರು ಇದೆ. ಆದರೂ ವರ್ಷಗಟ್ಟಲೆ ಕೆಡುವುದಿಲ್ಲ. ಯಾಕೆಂದರೆ ಉಪ್ಪು ಆ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ, ಬೂಷ್ಟಿಗೆ ಬ್ಯಾಕ್ಟೀರಿಯಾಕ್ಕೆ ಸುಲಭವಾಗಿ ಸಿಗುವುದಿಲ್ಲ. ನೀರು ಎಷ್ಟು ಇದೆ ಅನ್ನುವುದಕ್ಕಿಂತ ಎಷ್ಟು ಸಿಗುತ್ತದೆ ಅನ್ನುವುದು ಮುಖ್ಯ. ಇದಕ್ಕೊಂದು ಅಳತೆ ಇದೆ. ಶುದ್ಧ ನೀರಿಗೆ 1. ಇನ್ನು ಕರಗದಷ್ಟು ಉಪ್ಪು ಹಾಕಿದ ನೀರಿಗೆ ಸುಮಾರು 0.75. ಅತಿ ಒಣ ಸ್ಥಿತಿ ತಾಳುವ ಒಂದು ಜಾತಿಯ ಬೂಷ್ಟು ಸುಮಾರು 0.585ರವರೆಗೆ ಹೇಗೋ ಬೆಳೆಯುತ್ತದೆ. ನಮಗೆ ಗೊತ್ತಿರುವ ಗಡಿ ಅಷ್ಟೇ. ಶುಕ್ರನ ಗಂಧಕಾಮ್ಲದ ಮೋಡಗಳಲ್ಲಿ ಈ ಅಳತೆ 0.004ಕ್ಕಿಂತ ಹೆಚ್ಚಿಲ್ಲ ಅಂತ 2021ರಲ್ಲಿ ಲೆಕ್ಕ ಹಾಕಿದರು. ಭೂಮಿಯ ಯಾವ ಜೀವಿಯನ್ನು ಒಯ್ದು ಅಲ್ಲಿ ಬಿಟ್ಟರೂ ಬದುಕುವುದಿಲ್ಲ.

ಆದರೆ ಆಮ್ಲವನ್ನೇ ನೀರಿನ ಜಾಗದಲ್ಲಿ ಬಳಸುವ ಜೀವಿ? ಡಿಎನ್‌ಎ ಅಕ್ಷರಗಳನ್ನೂ ಬಹುಪಾಲು ಅಮೈನೋ ಆಮ್ಲಗಳನ್ನೂ ಗಾಢ ಗಂಧಕಾಮ್ಲದಲ್ಲಿ ಇಟ್ಟು ನೋಡಿದಾಗ ಅವು ವಾರಗಟ್ಟಲೆ ಕೆಡದೆ ಉಳಿದವು. 2023, 2024ರ ಪ್ರಯೋಗಗಳು ಇವು. ಬಿಡಿ ಅಣುಗಳು ಉಳಿದವು ಅಂದಮಾತ್ರಕ್ಕೆ ಜೀವ ಸಾಧ್ಯ ಅಂತಲ್ಲ. ಆದರೂ ಸುಟ್ಟು ಕರಕಲಾಗುತ್ತವೆ ಅಂದುಕೊಂಡಿದ್ದವರಿಗೆ ಇದು ಅಚ್ಚರಿಯೇ.

ಪ್ರಶ್ನೆ (ಎಲೆಕ್ಟ್ರಿಷಿಯನ್, ದಾವಣಗೆರೆ):
ಅಮೋನಿಯಾ, ಸಿಲಿಕಾನ್ ಜೀವಿಗಳ ಬಗ್ಗೆ ಏನು ಹೇಳುತ್ತೀರಿ ಮೇಡಂ?

ಉತ್ತರ:
ಎರಡೂ ಬೇರೆ ಬೇರೆ ವಿಷಯ ಸರ್. ಅಮೋನಿಯಾ ನೀರಿನ ಬದಲಿಗೆ, ಸಿಲಿಕಾನ್ ಇಂಗಾಲದ ಬದಲಿಗೆ.

ಅಮೋನಿಯಾ ನೀರಿಗೆ ಹತ್ತಿರದ ನೆಂಟ. ಅದಕ್ಕೂ ಹೈಡ್ರೋಜನ್ ಬಂಧ ಇದೆ, ಅದೂ ಬಹಳಷ್ಟನ್ನು ಕರಗಿಸುತ್ತದೆ. ನಮ್ಮ ವಾತಾವರಣದ ಒತ್ತಡದಲ್ಲಿ ಮೈನಸ್ 78ರಿಂದ ಮೈನಸ್ 33 ಡಿಗ್ರಿವರೆಗೆ ದ್ರವ. ಆದರೆ ಎಣ್ಣೆಯಂಥವನ್ನು ನೀರು ದೂರ ತಳ್ಳುವಷ್ಟು ಜೋರಾಗಿ ಅದು ತಳ್ಳುವುದಿಲ್ಲ, ಪೊರೆ ಕಟ್ಟುವುದು ಕಷ್ಟ. ಹೊರ ಸೌರಮಂಡಲದಲ್ಲಿ ಅದು ನೀರಿನ ಜೊತೆ ಬೆರೆತೇ ಸಿಗುವುದು ಹೆಚ್ಚು. ಹಾಗೆ ಬೆರೆತಾಗ ಮಿಶ್ರಣ ಮೈನಸ್ 97 ಡಿಗ್ರಿ ಹತ್ತಿರದವರೆಗೂ ಹೆಪ್ಪುಗಟ್ಟದೆ ಉಳಿಯಬಲ್ಲದು. ಅಮೋನಿಯಾ ಒಂಟಿಯಾಗಿ ಜೀವ ಸಾಕುವುದಕ್ಕಿಂತ ನೀರಿಗೆ ಚಳಿಯಲ್ಲಿ ನೆರವಾಗುವ ಸಾಧ್ಯತೆಯೇ ನನಗೆ ಜಾಸ್ತಿ ಕಾಣುತ್ತದೆ.

ಸಿಲಿಕಾನ್ ಬಗ್ಗೆ ಒಂದೇ ಮಾತು. ಭೂಮಿಯ ಹೊರಚಿಪ್ಪಿನ ತೂಕದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಸಿಲಿಕಾನ್, ಇಂಗಾಲ ತೀರಾ ಕಡಿಮೆ. ಆದರೂ ಇಲ್ಲಿನ ಜೀವ ಇಂಗಾಲವನ್ನೇ ಆರಿಸಿಕೊಂಡಿತು. ಇಂಗಾಲ ಆಮ್ಲಜನಕದ ಜೊತೆ ಸೇರಿದರೆ ಅನಿಲ, ಉಸಿರಿನಲ್ಲಿ ಹೊರಹೋಗುತ್ತದೆ. ಸಿಲಿಕಾನ್ ಸೇರಿದರೆ ಮರಳು.

ಪ್ರಶ್ನೆ (ಅದೇ ಪಿಯುಸಿ ವಿದ್ಯಾರ್ಥಿ):
ಮೇಡಂ, ಕೊನೆಯದಾಗಿ. ನೀರು ಬಳಸದ ಜೀವ ಎದುರಿಗೇ ಇದ್ದರೂ ನಮಗೆ ಗೊತ್ತಾಗುತ್ತದಾ? ಅದನ್ನು ಹುಡುಕಲು ಯಾರಾದರೂ ಹೋಗುತ್ತಿದ್ದಾರಾ?

ಉತ್ತರ:
ಗೊತ್ತಾಗಬೇಕಾದರೆ ನಮ್ಮ ಡಿಎನ್‌ಎ, ನಮ್ಮ ಪ್ರೋಟೀನ್ ಇದೆಯಾ ಅಂತ ಹುಡುಕಬಾರದು, ಆಯ್ಕೆಯ ಗುರುತು ಹುಡುಕಬೇಕು. ನಿರ್ಜೀವ ರಸಾಯನ ಕ್ರಿಯೆ ಎಲ್ಲ ಬಗೆಯ ಅಣುಗಳನ್ನೂ ಸಿಕ್ಕಾಪಟ್ಟೆ ಮಾಡುತ್ತದೆ, ಒಂದಕ್ಕೊಂದು ಕನ್ನಡಿ ಬಿಂಬದಂತಿರುವ ಎಡಗೈ ರೂಪವನ್ನೂ ಬಲಗೈ ರೂಪವನ್ನೂ ಹೆಚ್ಚುಕಡಿಮೆ ಸಮ ಸಮ. ಜೀವ ಹಾಗಲ್ಲ. ತನಗೆ ಬೇಕಾದ ಕೆಲವನ್ನೇ ಮಾಡುತ್ತದೆ, ಅವನ್ನೇ ರಾಶಿ ರಾಶಿ ಮಾಡುತ್ತದೆ. ನಮ್ಮ ಪ್ರೋಟೀನುಗಳಲ್ಲಿ ಎಡಗೈ ಅಮೈನೋ ಆಮ್ಲಗಳೇ ಇರುವುದು ಹೀಗೆ. ಯಾವ ದ್ರವದಲ್ಲಿ ಹುಟ್ಟಿದ ಜೀವವಾದರೂ ಇಂಥ ಪಕ್ಷಪಾತ ತೋರಿಸುತ್ತದೆ ಅನ್ನುವುದು ಸದ್ಯದ ಆಶಯ.

ಇನ್ನು ಹೋಗುವವರು. ನೀರಿರುವ ಕಡೆಗಂತೂ ಹೊರಟಾಗಿದೆ. ನಾಸಾದ ಯುರೋಪಾ ಕ್ಲಿಪ್ಪರ್ ನೌಕೆ 2024ರ ಅಕ್ಟೋಬರ್‌ನಲ್ಲಿ ಹಾರಿತು, 2030ರಲ್ಲಿ ಗುರುವನ್ನು ತಲುಪಬೇಕು. ಯುರೋಪಾದ ಮಂಜಿನ ಚಿಪ್ಪಿನ ಕೆಳಗೆ ಭೂಮಿಯ ಎಲ್ಲ ಸಾಗರಗಳನ್ನು ಸೇರಿಸಿದ್ದಕ್ಕಿಂತ ಹೆಚ್ಚು ನೀರಿದೆ ಅಂತ ಅಂದಾಜು. ಶನಿಯ ಉಪಗ್ರಹ ಎನ್ಸೆಲಾಡಸ್‌ನಿಂದ ಚಿಮ್ಮುವ ನೀರಿನಲ್ಲಿ ಉಪ್ಪು, ಹೈಡ್ರೋಜನ್, ಇಂಗಾಲದ ಅಣುಗಳು, 2023ರಲ್ಲಿ ಫಾಸ್ಫೇಟ್ ಕೂಡ ಸಿಕ್ಕಿವೆ. ಯಾವುದಾದರೂ ಒಂದೇ ಜಾಗ ಆರಿಸು ಅಂದರೆ ನಾನು ಎನ್ಸೆಲಾಡಸ್ ಅನ್ನುತ್ತೇನೆ.

ಟೈಟನ್‌ಗೆ ಡ್ರ್ಯಾಗನ್‌ಫ್ಲೈ ಹೋಗಲಿದೆ. ಎಂಟು ರೋಟರುಗಳ ದೊಡ್ಡ ಡ್ರೋನ್ ಅದು. 2028ರಲ್ಲಿ ಹೊರಟು 2034ರಲ್ಲಿ ತಲುಪುವ ಯೋಜನೆ. ಟೈಟನ್‌ನ ಗಾಳಿ ನಮ್ಮದಕ್ಕಿಂತ ಸುಮಾರು ನಾಲ್ಕು ಪಟ್ಟು ದಟ್ಟ, ಗುರುತ್ವ ಏಳನೆಯ ಒಂದು ಪಾಲು, ಹಾಗಾಗಿ ಅಲ್ಲಿ ಹಾರುವುದು ಇಲ್ಲಿಗಿಂತ ಸುಲಭ. ಅದು ಮರಳುದಿಬ್ಬಗಳ ನಡುವೆ ಇಳಿದು, ಹಾರಿ ಹಾರಿ ಸೆಲ್ಕ್ ಅನ್ನುವ ಕುಳಿಯ ಕಡೆ ಹೋಗುತ್ತದೆ. ಆ ಕುಳಿಯನ್ನೇ ಯಾಕೆ ಆರಿಸಿದರು ಗೊತ್ತಾ? ಹಿಂದೊಮ್ಮೆ ಅಲ್ಲಿಗೆ ದೊಡ್ಡ ಬಂಡೆ ಅಪ್ಪಳಿಸಿ ನೆಲದ ಮಂಜುಗಡ್ಡೆ ಕರಗಿರಬೇಕು. ಆಗ ನೀರು ನೂರಾರು ವರ್ಷ, ಬಹುಶಃ ಇನ್ನೂ ಹೆಚ್ಚು ಕಾಲ ದ್ರವವಾಗಿ ನಿಂತು, ಮೇಲಿಂದ ಉದುರಿದ ಇಂಗಾಲದ ಅಣುಗಳ ಜೊತೆ ಬೆರೆತಿರಬಹುದು. ನಂತರ ಎಲ್ಲವೂ ಹೆಪ್ಪುಗಟ್ಟಿತು. ಆ ಮಿಶ್ರಣ ಎಲ್ಲಿಯವರೆಗೆ ಮುಂದುವರಿದಿತ್ತು, ಅಮೈನೋ ಆಮ್ಲಗಳಾದವಾ, ಇನ್ನೂ ಮುಂದೆ ಹೋಯಿತಾ ಅಂತ ಕೊರೆದು ತೆಗೆದು ನೋಡುವುದು ಅದರ ಕೆಲಸ. ಮೀಥೇನ್ ಲೋಕಕ್ಕೆ ಹೋದರೂ ನೀರು ನಿಂತಿದ್ದ ಜಾಗವನ್ನೇ ಗುರಿ ಮಾಡಿಕೊಂಡಿದ್ದಾರೆ ನೋಡು. ಅದರ ಜೊತೆಗೇ ದಿಬ್ಬಗಳ ಮರಳಿನಲ್ಲಿ, ನೀರು ಮುಟ್ಟದ ಕಡೆಯಲ್ಲೂ, ಆ ಆಯ್ಕೆಯ ಗುರುತು ಇದೆಯಾ ಅಂತ ಅದರಲ್ಲಿರುವ ಉಪಕರಣ ಪರೀಕ್ಷಿಸಬಲ್ಲದು.

2034ಕ್ಕೆ ನೀನು ಸಂಶೋಧನೆ ಮಾಡುವ ವಯಸ್ಸಿಗೆ ಬಂದಿರುತ್ತೀಯ. ಆಸಕ್ತಿ ಹೀಗೇ ಉಳಿದರೆ ಡಿಗ್ರಿಯಲ್ಲಿ ರಸಾಯನಶಾಸ್ತ್ರ ಬಿಡಬೇಡ. ಭೌತಿಕ ರಸಾಯನ ಚೆನ್ನಾಗಿ ಓದು, ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಹೇಗೆ ಕೆಲಸ ಮಾಡುತ್ತದೆ ಅಂತ ಕಲಿ. ಡ್ರ್ಯಾಗನ್‌ಫ್ಲೈ ಕಳಿಸುವ ಮಾಹಿತಿಯನ್ನು ಓದಲು ಬೇಕಾಗುವುದು ಅದೇ.